ಕೂಸು ಹುಟ್ಟುವ ಮುನ್ನ ಕುಲಾವಿ ಬೇಡ ಎನ್ನುವ ಯಹೂದಿ ಸಹೋದ್ಯೋಗಿ: ತಂದಿಟ್ಟ ಉಡುಗೊರೆ ಏನು ಮಾಡಲಿ?

ಎಡಿಸನ್‌ವಾಸಿ:
ಯಹೂದಿ ಗೆಳೆಯರೋ ನೆರೆಹೊರೆಯವರೋ ಇರುವವರು ಇಲ್ಲಿ ಯಾರಾದರೂ ಇದ್ದರೆ ಒಂದು ಸಲಹೆ ಬೇಕು.

ನಮ್ಮ ತಂಡದ ಒಬ್ಬಾಕೆಗೆ ಈಗ ಎಂಟನೆಯ ತಿಂಗಳು. ನ್ಯೂಜೆರ್ಸಿಯ ಟೀನೆಕ್ ಊರಿನ ಆರ್ಥೊಡಾಕ್ಸ್, ಅಂದರೆ ಕಟ್ಟುನಿಟ್ಟಿನ ಸಂಪ್ರದಾಯದ, ಯಹೂದಿ ಕುಟುಂಬ. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಮನೆ ಸೇರಬೇಕು, ಕಚೇರಿಗೆ ತರಿಸುವ ಪಿಜ್ಜಾ ತಿನ್ನುವಂತಿಲ್ಲ, ಇವೆಲ್ಲ ನಮಗೆ ಗೊತ್ತು. ಗೊತ್ತಿಲ್ಲದ್ದು ಈಗ ಎದುರಾಗಿದೆ. ಯಾರಿಗೆ ಮಗುವಾಗುವುದಿದ್ದರೂ ಮುಂಚೆಯೇ ಉಡುಗೊರೆ ಕೊಟ್ಟು ಸಂಭ್ರಮಿಸುವ ಬೇಬಿ ಶವರ್ ಮಾಡುವುದು ನಮ್ಮ ಕಚೇರಿಯ ರೂಢಿ. ಈ ಬಾರಿ ಹಣ ಕೂಡಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಮಡಚುವ ತಳ್ಳುಗಾಡಿ, ಹೊದಿಕೆ, ನಾಲ್ಕಾರು ಜೊತೆ ಬಟ್ಟೆ ತಂದು ಮೀಟಿಂಗ್ ಕೋಣೆಯ ಕಪಾಟಿನಲ್ಲಿಟ್ಟೆ. ಸುದ್ದಿ ಆಕೆಯ ಕಿವಿಗೆ ಬಿತ್ತು. ಕಾಫಿ ಯಂತ್ರದ ಹತ್ತಿರ ನನ್ನನ್ನು ಕರೆದು, "ದಯವಿಟ್ಟು ಬೇಡ. ಮಗು ಹುಟ್ಟುವ ತನಕ ನಮ್ಮ ಮನೆಯೊಳಗೆ ಒಂದು ಕಾಲುಚೀಲವನ್ನೂ ತರುವುದಿಲ್ಲ" ಎಂದರು. ಮುಖದಲ್ಲಿ ಕೋಪವಿರಲಿಲ್ಲ, ಗಾಬರಿ ಇತ್ತು.

ನಮ್ಮ ಮ್ಯಾನೇಜರ್ ಇದನ್ನು ಒಪ್ಪುತ್ತಿಲ್ಲ. "ಉಡುಗೊರೆ ಬೇಡವಾದರೆ ಕೇಕ್ ಆದರೂ ಕತ್ತರಿಸೋಣ, ಅದರಲ್ಲೇನು?" ಎನ್ನುತ್ತಾರೆ. ನನಗೆ ಇನ್ನೊಂದು ಕುತೂಹಲವೂ ಇದೆ. ಏನನ್ನೂ ತಂದಿಟ್ಟುಕೊಳ್ಳದಿದ್ದರೆ ಮಗು ಆಸ್ಪತ್ರೆಯಿಂದ ಮನೆಗೆ ಬರುವುದು ಹೇಗೆ? ಇಲ್ಲಿ ಕಾರ್ ಸೀಟ್ ಇಲ್ಲದೆ ಮಗುವನ್ನು ಕಾರಿನಲ್ಲಿ ಕೂರಿಸುವಂತೆಯೇ ಇಲ್ಲವಲ್ಲ. ಮತ್ತೆ ಈ ತಳ್ಳುಗಾಡಿಯನ್ನು ಅಂಗಡಿಗೆ ಹಿಂದಿರುಗಿಸಲೇ, ಇಟ್ಟುಕೊಂಡು ಕಾಯಲೇ?

ಕಾಫಿಪುಡಿ:
ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದು ಎಂದು ನಮ್ಮವರು ಗಾದೆ ಮಾಡಿ ಕೈತೊಳೆದುಕೊಂಡರು. ಅವರು ಅಕ್ಷರಶಃ ಪಾಲಿಸುತ್ತಿದ್ದಾರೆ. ತಳ್ಳುಗಾಡಿಯನ್ನು ಇಟ್ಟುಕೊಂಡು ಕಾಯಿರಿ.

ಬಾಸ್ಟನ್‌ಭಾವ:
ನನ್ನ ಹೆಂಡತಿಯ ಮನೆಯವರು ಅಶ್ಕೆನಾಜಿ ಯಹೂದಿಗಳು, ಅಂದರೆ ಪೂರ್ವ ಯೂರೋಪಿನ ಕಡೆಯವರು. ಹೆಂಡತಿಗೆ ಧರ್ಮದ ಕಟ್ಟುಪಾಡು ಅಷ್ಟಕ್ಕಷ್ಟೆ, ಹಂದಿ ಮಾಂಸ ಬಿಟ್ಟು ಉಳಿದೆಲ್ಲವನ್ನೂ ತಿನ್ನುತ್ತಾಳೆ. ಆದರೆ ಬಸಿರಾದಾಗ ಅವಳ ತಾಯಿ ಹೇಳಿದ ಈ ಒಂದು ಮಾತನ್ನು ಮಾತ್ರ ಮೀರಲಿಲ್ಲ. ಕೋಣೆಗೆ ಬಣ್ಣ ಹೊಡೆಸುವುದಕ್ಕೂ ಬಿಡಲಿಲ್ಲ.

ಏನೂ ತಯಾರಿ ಇರುವುದಿಲ್ಲ ಎಂದುಕೊಳ್ಳಬೇಡಿ. ತಯಾರಿ ನಮಗಿಂತ ಜೋರಾಗಿಯೇ ಇರುತ್ತದೆ, ವಸ್ತು ಮಾತ್ರ ಹೊಸ್ತಿಲ ಆಚೆ ಇರುತ್ತದೆ. ನಾವು ಅಂಗಡಿಗೆ ಹೋಗಿ ತೊಟ್ಟಿಲು, ಹಾಸಿಗೆ, ಬಟ್ಟೆ ಎಲ್ಲವನ್ನೂ ಆರಿಸಿದೆವು. ಮುಂಗಡ ಕೊಟ್ಟೆವು. ಅಂಗಡಿಯವನಿಗೆ ಏನನ್ನೂ ವಿವರಿಸಬೇಕಾಗಲಿಲ್ಲ, ಚೀಟಿಯ ಮೇಲೆ "ಫೋನ್ ಬಂದ ಮೇಲೆ ಕಳುಹಿಸುವುದು" ಎಂದು ಅವನೇ ಬರೆದುಕೊಂಡ. ಮಗಳು ಹುಟ್ಟಿದಾಗ ಆಸ್ಪತ್ರೆಯ ಮೊಗಸಾಲೆಯಿಂದ ನಾನು ಊರಿಗೆ ಅಮ್ಮನಿಗೆ ಮಾಡಿದ್ದು ಎರಡನೆಯ ಫೋನ್, ಮೊದಲನೆಯದು ಅಂಗಡಿಗೆ. ಆ ರಾತ್ರಿ ಮಾವನವರೂ ನಾನೂ ನೆಲದ ಮೇಲೆ ಕುಳಿತು ತೊಟ್ಟಿಲು ಜೋಡಿಸಿದೆವು. ಎಡಗಡೆಯ ಅಡ್ಡಪಟ್ಟಿಯನ್ನು ತಿರುವುಮುರುವು ಕೂರಿಸಿ ಮತ್ತೆ ಬಿಚ್ಚಬೇಕಾಯಿತು, ಒಂದು ಬೋಲ್ಟ್ ಕಡಿಮೆ ಬಿತ್ತು. ಮಾವ ಅದಕ್ಕೊಂದು ಬೆಣೆ ಕೆತ್ತಿದರು. ಅಂಗಡಿಯಿಂದ ಬೋಲ್ಟ್ ತರಿಸಿಕೊಂಡರೂ ಹಾಕುವುದಕ್ಕೆ ಬಿಡಲಿಲ್ಲ, ತಮ್ಮ ಬೆಣೆಯೇ ಇರಲಿ ಎಂದು.

ಮ್ಯಾನೇಜರ್‌ಗೆ ಹೇಳಿ, ಕೇಕ್ ಕೂಡ ಬೇಡ. ಮಗುವಿನ ಹೆಸರಿನಲ್ಲಿ ಸಂಭ್ರಮ ಆಚರಿಸುವುದೇ ಆಕೆಗೆ ಇರಿಸುಮುರಿಸು.

ತರ್ಕಪ್ರಿಯ:
ಇದು ಶುದ್ಧ ಮೂಢನಂಬಿಕೆ. ನಮ್ಮ ಹಳ್ಳಿಯಲ್ಲಿ ಅಜ್ಜಿ ಹೇಳಿದರೆ ನಗುತ್ತೇವೆ, ಟೀನೆಕ್‌ನಲ್ಲಿ ಯಹೂದಿ ಹೇಳಿದರೆ "ಸಂಸ್ಕೃತಿ" ಎಂದು ತಲೆದೂಗುತ್ತೇವೆ. ಕೆಟ್ಟ ಕಣ್ಣು ತೊಟ್ಟಿಲ ಮೇಲೆ ಬಿದ್ದರೆ ಮಗುವಿಗೆ ಕೆಡುಕಾಗುವುದಾದರೆ ಪ್ರಪಂಚದಲ್ಲಿ ಮಕ್ಕಳೇ ಉಳಿಯುತ್ತಿರಲಿಲ್ಲ.

ಧಾರವಾಡದಾಕೆ:
ತರ್ಕಪ್ರಿಯ ಅವರೇ, ನಿಮ್ಮ ಹೊಸ ಮನೆಯ ಫೋಟೊ ಇದೇ ವೇದಿಕೆಯಲ್ಲಿ ಹಾಕಿದ್ದಿರಿ. ಬಾಗಿಲ ಮೇಲೆ ಬೂದುಗುಂಬಳಕಾಯಿ ಕಟ್ಟಿತ್ತು.

ತರ್ಕಪ್ರಿಯ:
ಅದು ಅತ್ತೆಯವರ ತೃಪ್ತಿಗೆ.

ಧಾರವಾಡದಾಕೆ:
ಇದೂ ಅತ್ತೆಯವರ ತೃಪ್ತಿಗೇ ಇರಬೇಕು ಬಿಡಿ.

ಹೈಫಾದ ದಾದಿ:
ನಾನು ಉಡುಪಿ ಕಡೆಯವಳು, ಇಸ್ರೇಲಿನ ಹೈಫಾದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ನಮ್ಮ ಕರಾವಳಿಯಿಂದ ಇಲ್ಲಿಗೆ ಬಂದವರು ತುಂಬಾ ಜನ ಇದ್ದಾರೆ. ನಾನು ನೋಡಿಕೊಳ್ಳುತ್ತಿದ್ದ ಅಜ್ಜಿ ರೊಮೇನಿಯಾದಲ್ಲಿ ಹುಟ್ಟಿದವರು. ಮೊಮ್ಮಗಳು ಬಸುರಿ ಎಂದು ಗೊತ್ತಾದ ದಿನ ನಾನು ಸಂಭ್ರಮದಿಂದ "ಮಝಲ್ ತೋವ್", ಅಂದರೆ ಅಭಿನಂದನೆ, ಎಂದೆ. ಅಜ್ಜಿ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು! ಹುಟ್ಟಿದ ಮೇಲೆ ಮಝಲ್ ತೋವ್, ಅಲ್ಲಿಯ ತನಕ "ಬೆಶಾಆ ತೋವಾ", ಒಳ್ಳೆಯ ಗಳಿಗೆಯಲ್ಲಿ ಆಗಲಿ ಎಂದು. ಎಡಿಸನ್‌ವಾಸಿ ಅವರೇ, ನಿಮ್ಮ ಸಹೋದ್ಯೋಗಿಗೆ ಇದನ್ನು ಹೇಳಿ ನೋಡಿ, ಬಹಳ ಹಿಡಿಸುತ್ತದೆ.

ಅಜ್ಜಿಗೆ ಹೆಣೆಯುವ ಹುಚ್ಚು. ಮಗುವಿಗೆ ಟೋಪಿ ಹೆಣೆಯದೆ ಇರಲಾರರು, ಹೆಣೆದು ಮುಗಿಸಲೂ ಒಲ್ಲರು. ಹಳದಿ ಉಣ್ಣೆಯಲ್ಲಿ ನೆತ್ತಿಯ ತನಕ ತಂದು, ಕೊನೆಯ ಸುತ್ತನ್ನು ಕಡ್ಡಿಯ ಮೇಲೆ ಹಾಗೆಯೇ ಬಿಟ್ಟು, ಚೀಲದೊಳಗೆ ತುರುಕಿಟ್ಟರು. ಯಾರಾದರೂ ಕೇಳಿದರೆ "ಟೋಪಿಯೇ? ಎಲ್ಲಿದೆ ಟೋಪಿ? ಉಣ್ಣೆ ಇದೆ ಅಷ್ಟೆ" ಎನ್ನುತ್ತಿದ್ದರು. ಇದು ಶಾಸ್ತ್ರದಲ್ಲೇನೂ ಇಲ್ಲ, ಆಕೆಯದೇ ಲೆಕ್ಕಾಚಾರ. ಆಸ್ಪತ್ರೆಯಿಂದ ಫೋನ್ ಬಂದದ್ದೇ ತಡ, ಕನ್ನಡಕ ಕೇಳಿ ಪಡೆದು ಕೊನೆಯ ಸುತ್ತು ಮುಗಿಸಿ ಗಂಟು ಹಾಕಿದರು.

ಹಳೇಪೇಟೆ:
ಹೈಫಾ ಎಂದರೆ ನಮ್ಮ ಮೈಸೂರು ಲ್ಯಾನ್ಸರ್ಸ್ ಗೆದ್ದ ಊರಲ್ಲವೇ? 1918ರ ಸೆಪ್ಟೆಂಬರ್ 23. ಜೋಧಪುರದ ಕುದುರೆ ದಳದ ಜೊತೆ ಸೇರಿ ಮಷೀನ್ ಗನ್‌ಗಳ ಎದುರು ಈಟಿ ಹಿಡಿದು ನುಗ್ಗಿದವರು. ಅಲ್ಲಿ ಭಾರತೀಯ ಸೈನಿಕರ ಸಮಾಧಿ ಇದೆಯಂತೆ, ನೋಡಿದ್ದೀರಾ ಅಕ್ಕಾ?

ಹೈಫಾದ ದಾದಿ:
ನೋಡಿದ್ದೇನೆ ಅಣ್ಣಾ, ಚೊಕ್ಕವಾಗಿ ಇಟ್ಟಿದ್ದಾರೆ. ಸೆಪ್ಟೆಂಬರ್‌ನಲ್ಲಿ ಪ್ರತಿ ವರ್ಷ ಹೂವಿಡುತ್ತಾರೆ.

ಪುಟದಂಚು:
ವಿಷಯಕ್ಕೆ ಬರೋಣ. "ಯಹೂದಿ ಧರ್ಮದಲ್ಲಿ ನಿಷೇಧ" ಎಂದು ಯಾರೂ ಬರೆಯಬೇಡಿ. ಧರ್ಮಶಾಸ್ತ್ರದಲ್ಲಿ ಅಂಥ ನಿಷೇಧ ಇಲ್ಲ. ರಬ್ಬಿಗಳನ್ನು, ಅಂದರೆ ಅವರ ಧರ್ಮಗುರುಗಳನ್ನು, ಕೇಳಿದರೆ ಬಹುಪಾಲು ಮಂದಿ "ಇದು ರೂಢಿ, ಕಟ್ಟಳೆಯಲ್ಲ" ಎಂದೇ ಹೇಳುತ್ತಾರೆ.

ಆಧಾರವಾಗಿ ಎಲ್ಲರೂ ಎತ್ತಿ ಹೇಳುವುದು ಅವರ ಪ್ರಾಚೀನ ಧರ್ಮಶಾಸ್ತ್ರ ಗ್ರಂಥ ತಾಲ್ಮೂದಿನ ಒಂದು ಮಾತನ್ನು. ಬಾವಾ ಮೆಟ್ಸಿಯಾ ಎಂಬ ಭಾಗದಲ್ಲಿ, 42ನೆಯ ಹಾಳೆಯಲ್ಲಿ, ಕಣ್ಣಿಗೆ ಮರೆಯಾಗಿರುವುದರ ಮೇಲೆ ಮಾತ್ರ ಆಶೀರ್ವಾದ ನೆಲೆಸುತ್ತದೆ ಎಂದಿದೆ. ಸ್ವಾರಸ್ಯವೆಂದರೆ ಅಲ್ಲಿ ಮಗುವಿನ ಪ್ರಸ್ತಾಪವೇ ಇಲ್ಲ, ಇರುವುದು ಕಣದ ರಾಶಿ. ಧಾನ್ಯ ಅಳೆಯುವುದಕ್ಕೆ ಮುಂಚೆ "ಹರಸು" ಎಂದು ದೇವರನ್ನು ಕೇಳಬಹುದು, ಅಳೆದು ಎಣಿಸಿದ ಮೇಲೆ ಕೇಳಿದರೆ ಅದು ವ್ಯರ್ಥ ಪ್ರಾರ್ಥನೆ. ನಮ್ಮ ರೈತರು ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ "ಒಂದು" ಎನ್ನದೆ "ಲಾಭ" ಎನ್ನುತ್ತಿದ್ದುದನ್ನು ನೆನೆಯಿರಿ.

ಇನ್ನು ತಯಾರಿಯ ಪರವಾಗಿಯೂ ಗ್ರಂಥ ಇದೆ! ಮಧ್ಯಯುಗದ ಜರ್ಮನಿಯ ಯಹೂದಿ ಗ್ರಂಥ "ಸೆಫೆರ್ ಹಸಿದೀಮ್" ಏನು ಹೇಳುತ್ತದೆ ಗೊತ್ತೇ? ಒಂಬತ್ತನೆಯ ತಿಂಗಳು ಬಿದ್ದ ಮೇಲೆ ಪ್ರತಿ ಶುಕ್ರವಾರ ಹೆರಿಗೆಗೆ ಬೇಕಾದುದನ್ನೆಲ್ಲ ಸಿದ್ಧ ಮಾಡಿಟ್ಟುಕೊಳ್ಳಬೇಕು, ಕೆಲಸ ಮಾಡಬಾರದ ಶಬ್ಬತ್ ದಿನ, ಅಂದರೆ ಶನಿವಾರ, ನೋವು ಬಂದರೆ ಆ ದಿನದ ನಿಯಮಗಳನ್ನು ಅನಗತ್ಯವಾಗಿ ಮುರಿಯಬೇಕಾಗಬಾರದು. ಮುಂದಿನ ಪಂಡಿತರೂ ಇದನ್ನು ಎತ್ತಿ ಹಿಡಿದಿದ್ದಾರೆ. ಹಾಗಾಗಿ ತಾಯಿಯ ಚೀಲ ಕಟ್ಟಿ ಬಾಗಿಲ ಬಳಿ ಇಡುವುದು ಧರ್ಮ, ಮಗುವಿನ ಅಂಗಿ ಕಪಾಟಿನಲ್ಲಿಡುವುದು ಅಪಶಕುನ.

ತರ್ಕಪ್ರಿಯ:
ಅಲ್ಲಿಗೆ ನಾನು ಹೇಳಿದ್ದು ಸರಿಯಾಯಿತಲ್ಲ. ಶಾಸ್ತ್ರದಲ್ಲೂ ಇಲ್ಲ, ವಿಜ್ಞಾನದಲ್ಲೂ ಇಲ್ಲ.

ಪುಟದಂಚು:
ಊಟಕ್ಕೆ ಮುಂಚೆ ಬಾಳೆಎಲೆಗೆ ನೀರು ಚಿಮುಕಿಸುವುದೂ ವಿಜ್ಞಾನದಲ್ಲಿಲ್ಲ.

ಕಾಫಿಪುಡಿ:
ಎಲೆ ತೊಳೆಯುವುದಕ್ಕೆ ವಿಜ್ಞಾನ ಇದೆ ಸ್ವಾಮಿ.

ಹೆರಿಗೆ ವಾರ್ಡ್:
ಬ್ರೂಕ್ಲಿನ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ, ತೀರ ಸಂಪ್ರದಾಯಸ್ಥರಾದ ಹಸಿದಿ ಪಂಥದ ಯಹೂದಿ ತಾಯಂದಿರು ದಿನವೂ ಬರುತ್ತಾರೆ. ಮಗು ಮನೆಗೆ ಹೇಗೆ ಹೋಗುತ್ತದೆ ಎಂದು ಕೇಳಿದ್ದೀರಿ, ಹೇಳುತ್ತೇನೆ.

ಮೊದಲ ದಿನಗಳಿಗೆ ಬೇಕಾದ ಡಯಾಪರ್, ಟೋಪಿ, ಸುತ್ತುವ ಹೊದಿಕೆ ಎಲ್ಲ ಆಸ್ಪತ್ರೆಯೇ ಕೊಡುತ್ತದೆ. ಅಷ್ಟರಲ್ಲಿ ಅಜ್ಜಿಯರು ಕಾರ್ಯಪ್ರವೃತ್ತರಾಗಿರುತ್ತಾರೆ. ಮಗಳ ಮನೆಗೆ ತರಬಾರದು, ಸರಿ. ತಮ್ಮ ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಯಾರು ಹೇಳಿದರು? ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಒಗೆದು ಮಡಚಿದ ಬಟ್ಟೆಗಳು ಪ್ರತ್ಯಕ್ಷವಾಗುತ್ತವೆ. ಮೊದಲ ಮಗುವಾಗಿದ್ದರೆ ಈ ಗದ್ದಲ, ಆರನೆಯ ಮಗುವಾದರೆ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯುತ್ತದೆ ಅಷ್ಟೆ. ಮನೆಯಲ್ಲಿ ಆಗಲೇ ಇರುವ ಹಳೆಯ ವಸ್ತುಗಳಿಗೆ ಅನೇಕರು ಈ ಕಟ್ಟು ಲೆಕ್ಕಿಸುವುದಿಲ್ಲ.

ಇನ್ನೊಂದು ದೊಡ್ಡ ವ್ಯವಸ್ಥೆ ಗೆಮಾಖ್. ಬಡ್ಡಿಯಿಲ್ಲದೆ, ಬಾಡಿಗೆಯಿಲ್ಲದೆ ಎರವಲು ಕೊಡುವ ಮನೆಗಳು. ಒಬ್ಬರ ಗ್ಯಾರೇಜಿನಲ್ಲಿ ತೊಟ್ಟಿಲುಗಳು, ಇನ್ನೊಬ್ಬರ ನೆಲಮಾಳಿಗೆಯಲ್ಲಿ ಹಾಲು ತೆಗೆಯುವ ಪಂಪ್‌ಗಳು, ಮತ್ತೊಬ್ಬರ ಹತ್ತಿರ ಸುನ್ನತಿಯ ದಿನ ಮಗುವನ್ನು ಮಲಗಿಸುವ ಕಸೂತಿ ದಿಂಬು. ಫೋನ್ ಮಾಡಿದರೆ ಸಂಜೆಗೆ ಮನೆ ಮುಂದೆ. ಇಂಥ ಜಾಲ ಬೆನ್ನಿಗಿರುವವರಿಗೆ ಮೊದಲೇ ಕೊಂಡಿಡದಿರುವುದು ಕಷ್ಟವಲ್ಲ. ನಾವು ಎಡಿಸನ್‌ನಲ್ಲಿ ಗಂಡಹೆಂಡತಿ ಇಬ್ಬರೇ ಕುಳಿತು ಇದನ್ನು ಅನುಕರಿಸಿದರೆ ಗತಿ ಏನು?

ಕಾರ್ ಸೀಟ್ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಮಾತನಾಡುತ್ತೇನೆ. ಸಾಮಾನ್ಯವಾಗಿ ಅದನ್ನು ಕೊಂಡು ಡಿಕ್ಕಿಯಲ್ಲಿಯೋ ಪಕ್ಕದ ಮನೆಯಲ್ಲಿಯೋ ಇಟ್ಟಿರುತ್ತಾರೆ, ಪೆಟ್ಟಿಗೆ ಒಡೆದಿರುವುದಿಲ್ಲ. ಮನೆಗೆ ಕಳುಹಿಸುವ ದಿನ ಗಂಡ ಆಸ್ಪತ್ರೆಯ ವಾಹನ ನಿಲುಗಡೆಯಲ್ಲಿ ನಿಂತು, ಕೈಪಿಡಿಯನ್ನು ಬಾನೆಟ್ ಮೇಲೆ ಹರಡಿಕೊಂಡು ಪಟ್ಟಿ ಎಳೆಯುತ್ತಿರುತ್ತಾನೆ, ಕೈ ನಡುಗುತ್ತಿರುತ್ತದೆ. ಮುಂಚೆಯೇ ಒಮ್ಮೆ ಕೂರಿಸಿ ನೋಡಿ, ಬೇಕಾದರೆ ಮತ್ತೆ ಬಿಚ್ಚಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸೀಟು ಹಿಂದಕ್ಕೆ ಮುಖ ಮಾಡಿರಬೇಕು. ಎರವಲು ತಂದದ್ದಾದರೆ ತಳದಲ್ಲಿ ಅಚ್ಚಾಗಿರುವ ಅವಧಿ ಮುಗಿಯುವ ದಿನಾಂಕ ನೋಡಬೇಕು, ಅಪಘಾತ ಕಂಡ ಸೀಟನ್ನು ಮುಟ್ಟಲೇಬಾರದು.

ಎಡಿಸನ್‌ವಾಸಿ:
ಹೆರಿಗೆ ವಾರ್ಡ್ ಅವರಿಗೆ ದೊಡ್ಡ ನಮಸ್ಕಾರ. ಇದನ್ನೇ ತಿಳಿಯಬೇಕಿತ್ತು.

ಹೈಫಾದ ದಾದಿ:
ಇಸ್ರೇಲಿನಲ್ಲಿ ಅಂಗಡಿಗಳು ಇದಕ್ಕೆ ಪೂರ್ತಿ ಒಗ್ಗಿಕೊಂಡಿವೆ. ಪಟ್ಟಿ ಕೊಟ್ಟು ಬಂದರೆ ಸಾಕು, ಮಗುವಾದ ಮೇಲೆ ಮನೆಗೆ ತಲುಪಿಸುತ್ತಾರೆ. ಏನಾದರೂ ಆಗಬಾರದ್ದು ಆದರೆ ರದ್ದು ಮಾಡಬಹುದು ಎಂದು ಎಷ್ಟೋ ಅಂಗಡಿಗಳವರು ತಾವಾಗಿಯೇ ಹೇಳುತ್ತಾರೆ. ಸರ್ಕಾರದ ರಾಷ್ಟ್ರೀಯ ವಿಮಾ ಸಂಸ್ಥೆ ಹೊಸ ಮಗುವಿನ ಸಾಮಾನಿಗೆಂದು ಹೆರಿಗೆ ಅನುದಾನ ಕೊಡುತ್ತದೆ. ಅದು ತಾಯಿಯ ಖಾತೆಗೆ ಬರುವುದೂ ಹೆರಿಗೆಯಾದ ಮೇಲೆ.

ಹೆಲ್ಸಿಂಕಿ ಚಳಿ:
ನಮ್ಮ ಫಿನ್‌ಲ್ಯಾಂಡ್ ಇದಕ್ಕೆ ತದ್ವಿರುದ್ಧ. ಇಲ್ಲಿ ಸರ್ಕಾರವೇ ಹುಟ್ಟುವ ಮುನ್ನ ಕುಲಾವಿ ಹೊಲಿಸಿ ಮನೆಗೆ ಕಳುಹಿಸುತ್ತದೆ! 1938ರಲ್ಲಿ ಬಡ ತಾಯಂದಿರಿಗೆ ಆರಂಭವಾದ ಪೆಟ್ಟಿಗೆ, 1949ರಿಂದ ಎಲ್ಲರಿಗೂ ಸಿಗುತ್ತಿದೆ. ಬಟ್ಟೆ, ಹೊದಿಕೆ, ಹಾಸಿಗೆ ಎಲ್ಲ ಇರುತ್ತದೆ, ಖಾಲಿಯಾದ ಪೆಟ್ಟಿಗೆಯಲ್ಲೇ ಮಗುವನ್ನು ಮಲಗಿಸಬಹುದು. ನಾಲ್ಕನೆಯ ತಿಂಗಳು ಮುಗಿಯುವುದರೊಳಗೆ ತಪಾಸಣೆಗೆ ಹೋಗಿರಬೇಕು ಎಂಬುದು ಷರತ್ತು. ಬಸುರಿಯರನ್ನು ವೈದ್ಯರ ಹತ್ತಿರ ಎಳೆದುತರಲು ಮಾಡಿದ ಜಾಣತನ. ನನ್ನ ಪೆಟ್ಟಿಗೆ ಬಂದ ದಿನ ಊರಿನಿಂದ ಬಂದಿದ್ದ ನನ್ನ ಅಮ್ಮ ಅದನ್ನು ತೆರೆಯಲು ಬಿಡಲೇ ಇಲ್ಲ, ಮಂಚದ ಕೆಳಗೆ ತಳ್ಳಿದರು.

ಧಾರವಾಡದಾಕೆ:
ಅಮ್ಮ ಮಾಡಿದ್ದು ಸರಿ. ನಮ್ಮಲ್ಲಿ ಸೀಮಂತಕ್ಕೆ ಹಸಿರು ಸೀರೆ, ಹಸಿರು ಬಳೆ, ಬಯಕೆಯ ಊಟ ಎಲ್ಲವೂ ತಾಯಿಗೆ. ಕೂಸಿಗೆ ಅಂತ ಒಂದು ಎಳೆ ದಾರವೂ ಇಲ್ಲ. ಹುಟ್ಟಿದ ಮೇಲೂ ಮೊದಲು ಹಳೆಯ ಬಟ್ಟೆಯೇ. ನಮ್ಮ ಅವ್ವ ಅಪ್ಪನ ಹಳೆಯ ಧೋತರ ಹರಿದು, ಕುದಿಯುವ ನೀರಿನಲ್ಲಿ ಹಾಕಿ, ಬಿಸಿಲಿಗೆ ಒಣಗಿಸಿ ಇಟ್ಟಿರುತ್ತಿದ್ದಳು. ಹತ್ತು ಸೀರೆ ಸೇರಿಸಿ ಹೊಲಿದ ಕೌದಿ ಇರುತ್ತಿತ್ತು, ಆದರೆ ಅದು "ಮನೆಯ ಕೌದಿ", ಕೂಸಿನದು ಎಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ತೊಟ್ಟಿಲು ಹೆಸರಿಡುವ ದಿನ ಬರುತ್ತದೆ. ಖಾಲಿ ತೊಟ್ಟಿಲು ತೂಗಿದರೆ ಬೆನ್ನಿಗೆ ಏಟು ಬೀಳುತ್ತಿತ್ತು.

ಬಾಸ್ಟನ್‌ಭಾವ:
ಅದಕ್ಕೇ ನನ್ನ ಅಮ್ಮ ಮತ್ತು ಅತ್ತೆ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ, ಈ ಒಂದು ವಿಷಯದಲ್ಲಿ ವೀಡಿಯೊ ಕರೆಯಲ್ಲಿ ಒಂದಾಗಿ ನನ್ನ ಮೇಲೆ ಬಿದ್ದರು.

ಪುಟದಂಚು:
ಎಲ್ಲ ಯಹೂದಿಗಳೂ ಹೀಗೆ ಎಂದುಕೊಂಡರೂ ತಪ್ಪಾಗುತ್ತದೆ. 1492ರಲ್ಲಿ ಸ್ಪೇನ್‌ನಿಂದ ಹೊರದೂಡಲ್ಪಟ್ಟು ಒಟ್ಟೊಮನ್ ಸಾಮ್ರಾಜ್ಯದಲ್ಲಿ ನೆಲೆಸಿದ ಸೆಫಾರ್ದಿ ಯಹೂದಿಗಳಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಪದ್ಧತಿ ಇತ್ತು. ಐದನೆಯ ತಿಂಗಳ ಸುಮಾರಿಗೆ ಹೆಂಗಸರೆಲ್ಲ ಸೇರಿ ಮಗುವಿನ ಮೊದಲ ಬಟ್ಟೆಯನ್ನು ಕತ್ತರಿಸುವ ಶಾಸ್ತ್ರ, ಫಶಾದುರಾ ಎನ್ನುತ್ತಾರೆ. ಕತ್ತರಿ ಹಾಕುವಾಕೆಗೆ ತಂದೆತಾಯಿ ಇಬ್ಬರೂ ಬದುಕಿರಬೇಕು. ಕತ್ತರಿ ಬೀಳುತ್ತಿದ್ದಂತೆ ಆ ಬಟ್ಟೆಯ ಮೇಲೆ ಸಕ್ಕರೆ ಹೊದಿಸಿದ ಬಾದಾಮಿ ಎರಚುತ್ತಾರೆ. ಟರ್ಕಿಯಿಂದ ಅಮೆರಿಕಕ್ಕೆ ಬಂದ ಕುಟುಂಬಗಳು ಇದನ್ನು ಈಚೆಗೂ ಮಾಡುತ್ತಿವೆ. ಇನ್ನು ಸುಧಾರಣಾವಾದಿಗಳಾದ ರಿಫಾರ್ಮ್ ಪಂಥದವರಲ್ಲಿ ಎಷ್ಟೋ ಮಂದಿ ಎಲ್ಲರಂತೆ ಬೇಬಿ ಶವರ್ ಮಾಡಿಕೊಳ್ಳುತ್ತಾರೆ.

ಅಶ್ಕೆನಾಜಿ ಕಡೆಯ ಅಂಜಿಕೆಗೆ ಬೇರೆ ಹಿನ್ನೆಲೆಯೂ ಇದೆ. ಲಿಲಿತ್ ಎಂಬ ರಾತ್ರಿಯ ರಾಕ್ಷಸಿ ಹಸುಗೂಸನ್ನು ಒಯ್ಯುತ್ತಾಳೆಂದು ನಂಬಿ, ಬಾಣಂತಿಯ ಕೋಣೆಯಲ್ಲಿ ಸೆನೊಯ್, ಸನ್ಸೆನೊಯ್, ಸೆಮಂಗೆಲೊಫ್ ಎಂಬ ಮೂವರು ದೇವದೂತರ ಹೆಸರು ಬರೆದ ತಾಯಿತದ ಹಾಳೆ ಅಂಟಿಸುತ್ತಿದ್ದರು.

ಹೆರಿಗೆ ವಾರ್ಡ್:
ಹಾಳೆ ಈಗಲೂ ಬರುತ್ತದೆ. ಹಾಸಿಗೆಯ ತಲೆಗೆ ಟೇಪಿನಲ್ಲಿ ಅಂಟಿಸುತ್ತಾರೆ, ಸುತ್ತ ದೇವದೂತರ ಹೆಸರು, ನಡುವೆ 121ನೆಯ ಕೀರ್ತನೆ. "ಬೆಟ್ಟಗಳ ಕಡೆಗೆ ಕಣ್ಣೆತ್ತುತ್ತೇನೆ" ಎಂದು ಆರಂಭವಾಗುವುದು. ಹಾಸಿಗೆ ಬದಲಿಸುವಾಗ ನಾವೇ ಅದನ್ನು ಬಿಡಿಸಿ ಹೊಸ ಹಾಸಿಗೆಗೆ ಅಂಟಿಸುತ್ತೇವೆ.

ಧಾರವಾಡದಾಕೆ:
ಕೂಸು ಹುಟ್ಟಿದ ಮೇಲೆ ನಾವು ಮಾಡುವ ಸಟವಿ ಪೂಜೆಯ ಹಾಗೆ. ಆ ರಾತ್ರಿ ದೀಪ ಆರಬಾರದು, ಯಾರಾದರೂ ಎಚ್ಚರ ಇರಬೇಕು.

ಪುಟದಂಚು:
ಅವರಲ್ಲೂ ಸುನ್ನತಿಯ ಹಿಂದಿನ ರಾತ್ರಿ ಎಚ್ಚರ ಇರುವ ಪದ್ಧತಿ ಇದೆ. ನೆರೆಯ ಮಕ್ಕಳು ಬಂದು ತೊಟ್ಟಿಲ ಸುತ್ತ ನಿಂತು ಪ್ರಾರ್ಥನೆ ಹೇಳುತ್ತಾರೆ, ಅವರಿಗೆ ಮಿಠಾಯಿ ಹಂಚುತ್ತಾರೆ.

ಹೆಸರು ಬೇಡ:
ಬೇರೆ ಖಾತೆಯಿಂದ ಬರೆಯುತ್ತಿದ್ದೇನೆ.

ಎಲ್ಲರೂ ದೃಷ್ಟಿ, ದೆವ್ವ ಎಂದು ಮಾತನಾಡುತ್ತಿದ್ದೀರಿ. ಈ ಪದ್ಧತಿಯ ತಿರುಳು ಅದಲ್ಲ ಎಂದು ನನಗನ್ನಿಸುತ್ತದೆ. ಮಕ್ಕಳು ಹುಟ್ಟಿ ಉಳಿಯುವುದೇ ಅನುಮಾನವಾಗಿದ್ದ ಕಾಲದಲ್ಲಿ, ಬರಿಗೈಯಲ್ಲಿ ಮನೆಗೆ ಬಂದ ತಾಯಿ ಕಪಾಟು ತೆರೆದರೆ ಪುಟ್ಟ ಅಂಗಿಗಳು ಕಾಣಬಾರದು ಎಂದು ಯಾರೋ ತಿಳಿದವರು ಮಾಡಿದ್ದು. ಹಾಗೆಂದು ನನಗೆ ಇದರ ಮೇಲೆ ಪ್ರೀತಿ ಇದೆಯೇ ಎಂದರೆ, ಇಲ್ಲ.

ನಮಗೆ ಏಳನೆಯ ತಿಂಗಳು ಮುಗಿದ ಮೇಲೆ ಮಗು ಹೋಯಿತು. ನಮ್ಮ ಮನೆಯಲ್ಲಿಯೂ ಏನನ್ನೂ ತಂದಿರಲಿಲ್ಲ, ಹಿರಿಯರ ಮಾತು. ನೋಡಲು ಬಂದವರೆಲ್ಲ "ಸದ್ಯ, ಏನೂ ಕೊಂಡಿರಲಿಲ್ಲವಲ್ಲ" ಎಂದರು. ಏನೂ ಆಗಿಯೇ ಇರಲಿಲ್ಲ ಎನ್ನುವ ಹಾಗೆ. ಒಂದು ಟೋಪಿಯಾದರೂ ಇದ್ದಿದ್ದರೆ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ಆಸ್ಪತ್ರೆಯವರು ಸುತ್ತಿದ ಬಟ್ಟೆಯನ್ನೂ ನಾನು ಕೇಳಿ ಪಡೆಯಲಿಲ್ಲ, ಕೇಳಬಹುದು ಎಂದು ಆಗ ಯಾರೂ ಹೇಳಲಿಲ್ಲ.

ಹೆರಿಗೆ ವಾರ್ಡ್:
ಈಗ ನಾವು ಕೇಳದೆಯೇ ಕೊಡುತ್ತೇವೆ. ಪಾದದ ಅಚ್ಚು, ಟೋಪಿ, ಹೊದಿಕೆಯನ್ನು ಒಂದು ಪುಟ್ಟ ಪೆಟ್ಟಿಗೆಯಲ್ಲಿಟ್ಟು, ಇಂದು ಬೇಡವೆಂದರೆ ನಮ್ಮಲ್ಲೇ ಇಟ್ಟಿರುತ್ತೇವೆ. ವರ್ಷ ಕಳೆದ ಮೇಲೆ ಬಂದು ಕೇಳಿದವರಿದ್ದಾರೆ.

ಪುಟದಂಚು:
ಈ ಪ್ರಶ್ನೆ ಯಹೂದಿ ಸಮುದಾಯದೊಳಗೂ ಎದ್ದಿದೆ. ಹಳೆಯ ನಿಯಮದಂತೆ ಮೂವತ್ತು ದಿನ ತುಂಬುವ ಮೊದಲು ತೀರಿಕೊಂಡ ಮಗುವಿಗೆ ಶಿವಾ, ಅಂದರೆ ಏಳು ದಿನದ ಶೋಕಾಚರಣೆ, ಮುಂತಾದ ವಿಧಿಗಳು ಕಡ್ಡಾಯವಿರಲಿಲ್ಲ. ಪದೇ ಪದೇ ಮಕ್ಕಳನ್ನು ಕಳೆದುಕೊಳ್ಳುತ್ತಿದ್ದ ಮನೆಗಳ ಮೇಲೆ ಹೊರೆ ಹೇರಬಾರದು ಎಂಬ ಕರುಣೆ ಅದರ ಹಿಂದೆ ಇತ್ತು ಎನ್ನುತ್ತಾರೆ. ಆದರೆ ಇಂದಿನ ತಾಯಂದಿರಿಗೆ ಅದು ಬಾಯಿ ಕಟ್ಟಿದ ಹಾಗಾಯಿತು. 1990ರ ದಶಕದಲ್ಲಿ ರಿಫಾರ್ಮ್‌ಗೂ ಆರ್ಥೊಡಾಕ್ಸ್‌ಗೂ ನಡುವಿನ ಕನ್ಸರ್ವೇಟಿವ್ ಪಂಥದ ರಬ್ಬಿಗಳು ಇಂಥ ಮಕ್ಕಳಿಗೂ ಅಂತ್ಯಸಂಸ್ಕಾರ, ಶೋಕದ ವಿಧಿಗಳು ಸಲ್ಲಬೇಕು ಎಂದು ತೀರ್ಮಾನ ಕೊಟ್ಟರು. ಆರ್ಥೊಡಾಕ್ಸ್ ರಬ್ಬಿಗಳಲ್ಲೂ ಹಲವರು ಈಗ ತಂದೆತಾಯಿಗೆ ಹೆಚ್ಚು ಅವಕಾಶ ಕೊಡುತ್ತಾರೆ.

ತರ್ಕಪ್ರಿಯ:
ಹೆಸರು ಬೇಡ ಅವರೇ, ನಿಮ್ಮ ಮಾತು ಓದಿ ವಾದ ಮಾಡುವ ಮನಸ್ಸಾಗುತ್ತಿಲ್ಲ. ಆದರೂ ನನ್ನ ಕಡೆಗೇ ಒಂದು ಅಂಕ ಬಿತ್ತು ಎನ್ನುತ್ತೇನೆ. ಕೊಳ್ಳದಿರುವುದರಿಂದ ದುಃಖ ಕಡಿಮೆಯಾಗುವುದಿಲ್ಲ.

ಬಾಸ್ಟನ್‌ಭಾವ:
ಕಡಿಮೆಯಾಗುವುದಿಲ್ಲ, ಒಪ್ಪಿದೆ. ಆದರೆ ಭಯಪಡುವುದಕ್ಕೂ ಒಂದು ಜಾಗ ಬೇಕು. ನನ್ನ ಹೆಂಡತಿ ಒಂಬತ್ತು ತಿಂಗಳು ಯಾರ ಮುಂದೆಯೂ "ಹೆದರಿಕೆಯಾಗುತ್ತಿದೆ" ಎಂದು ಹೇಳಲಿಲ್ಲ, "ನಮ್ಮಲ್ಲಿ ಈಗಲೇ ತರುವುದಿಲ್ಲ" ಎಂದಳು. ಆ ಮಾತಿನಲ್ಲೇ ಹೆದರಿಕೆಯೆಲ್ಲ ಅಡಗಿತ್ತು. ಮನೆ ತುಂಬಾ ಗುಲಾಬಿ ಬಲೂನು ಕಟ್ಟಿಕೊಂಡ ಗೆಳತಿಯರಿಗೆ ಅಂಥ ಮಾತೊಂದು ಸಿಗುವುದಿಲ್ಲ.

ಠಾಣೆಯಿಂದ:
ಭಾರತದ ಯಹೂದಿಗಳನ್ನು ಮರೆತೇಬಿಟ್ಟಿರಾ? ನಾನು ಬೆಳೆದದ್ದು ಮುಂಬೈ ಬಳಿಯ ಠಾಣೆ ಊರಿನಲ್ಲಿ, ನೆರೆಯವರು ಬೆನೆ ಇಸ್ರೇಲ್ ಸಮುದಾಯದವರು, ಮನೆಮಾತು ಮರಾಠಿ. ಹರಕೆ ಫಲಿಸಿದರೆ, ಮಗುವಾದರೆ, ಅವರಲ್ಲಿ ಮಲಿದಾ ಮಾಡುತ್ತಾರೆ. ದೊಡ್ಡ ತಟ್ಟೆಯಲ್ಲಿ ನೆನೆಸಿದ ಅವಲಕ್ಕಿಗೆ ಬೆಲ್ಲ ಅಥವಾ ಸಕ್ಕರೆ, ತೆಂಗಿನತುರಿ ಕಲಸಿ, ಸುತ್ತ ಹಣ್ಣು ಜೋಡಿಸಿ, ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಹಾಡಿ ಹಂಚುತ್ತಾರೆ. ನಮಗೆ ಆ ತಟ್ಟೆ ಗೋಡೆ ದಾಟಿ ಬರುತ್ತಿತ್ತು. ನಮ್ಮ ಕೃಷ್ಣಾಷ್ಟಮಿಯ ಅವಲಕ್ಕಿಗಿಂತ ಚೆನ್ನಾಗಿರುತ್ತಿತ್ತು ಎಂದರೆ ಅಮ್ಮನಿಗೆ ಸಿಟ್ಟು ಬರುತ್ತಿತ್ತು.

ಎಡಿಸನ್‌ವಾಸಿ:
ಇವತ್ತಿನ ಸಮಾಚಾರ. ಹೈಫಾದ ಅಕ್ಕ ಹೇಳಿಕೊಟ್ಟಂತೆ "ಬೆಶಾಆ ತೋವಾ" ಎಂದೆ. ಆಕೆ ಕಣ್ಣರಳಿಸಿ, "ಇದನ್ನು ಯಾರು ಹೇಳಿಕೊಟ್ಟರು?" ಎಂದು ಕೇಳಿದರು. ಉಡುಪಿಯವರು ಎಂದೆ, ನಂಬಲಿಲ್ಲ.

ಬೇಬಿ ಶವರ್ ರದ್ದು. ಬದಲಿಗೆ ಆಕೆ ರಜೆಗೆ ಹೋಗುವ ಮುಂಚೆ ತಂಡದ ಊಟ, ಸುಮ್ಮನೆ ಊಟ, ಬಲೂನಿಲ್ಲ. ತಳ್ಳುಗಾಡಿ ನನ್ನ ಮನೆಯ ಗ್ಯಾರೇಜಿಗೆ ಬಂತು. ಮಗುವಾದ ಸುದ್ದಿ ಬಂದ ಮೇಲೆ ತಂದುಕೊಡುತ್ತೇನೆ ಎಂದು ನಾನು ಹೇಳಲಿಲ್ಲ, ಆಕೆಯೂ ಕೇಳಲಿಲ್ಲ, ಇಬ್ಬರಿಗೂ ಗೊತ್ತು. ಹೊದಿಕೆಯ ಮೇಲೆ ಹೆಸರು ಹೊಲಿಸೋಣ ಎಂದು ತಂಡದವರು ಹೇಳುತ್ತಿದ್ದಾರೆ. ಹುಟ್ಟಿದ ತಕ್ಷಣ ಹೆಸರು ಕೇಳಬಹುದೇ?

ಬಾಸ್ಟನ್‌ಭಾವ:
ಕೇಳಬೇಡಿ. ಗಂಡಾದರೆ ಎಂಟನೆಯ ದಿನ ಸುನ್ನತಿಯಲ್ಲಿ ಹೆಸರು ಘೋಷಿಸುತ್ತಾರೆ, ಹೆಣ್ಣಾದರೆ ಅವರ ಪ್ರಾರ್ಥನಾಮಂದಿರ ಸಿನಗಾಗ್‌ನಲ್ಲಿ ಧರ್ಮಗ್ರಂಥ ತೋರಾ ಓದುವಾಗ. ಅಲ್ಲಿಯ ತನಕ ಅಜ್ಜಿಗೂ ಹೇಳುವುದಿಲ್ಲ. ಅಶ್ಕೆನಾಜಿಗಳು ತೀರಿಕೊಂಡ ಹಿರಿಯರ ಹೆಸರಿಡುತ್ತಾರೆ. ಸೆಫಾರ್ದಿಗಳು ಬದುಕಿರುವ ಅಜ್ಜಅಜ್ಜಿಯ ಹೆಸರನ್ನೇ ಇಡುತ್ತಾರೆ. ಇಬ್ಬರ ನಡುವೆ ಮದುವೆಯಾದರೆ ಆಗ ನೋಡಬೇಕು ಜಗಳ.

ಕಾಫಿಪುಡಿ:
ಊಟ ತರಿಸುವಾಗ ಕೋಷರ್, ಅಂದರೆ ಯಹೂದಿ ಆಹಾರ ನಿಯಮ ಪಾಲಿಸುವ, ಅಂಗಡಿಯಿಂದಲೇ ತರಿಸಿ, ಮುಚ್ಚಿದ ಡಬ್ಬಿಯಲ್ಲೇ ಇರಲಿ, ಕಚೇರಿಯ ತಟ್ಟೆ ಚಮಚ ಬೇಡ. ಪೊಟ್ಟಣದ ತಿಂಡಿಯಾದರೆ ವೃತ್ತದೊಳಗೆ ಯು ಅಕ್ಷರ ಇರುವ ಮುದ್ರೆ ನೋಡಿ.

ಹೆರಿಗೆ ವಾರ್ಡ್:
ಗಂಡುಮಗುವಾದರೆ ಮೊದಲ ಶುಕ್ರವಾರ ರಾತ್ರಿ ಅವರ ಮನೆಯಲ್ಲಿ ಶಾಲೋಮ್ ಝಖೋರ್ ಎಂಬ ಕೂಟ ಇರುತ್ತದೆ. ಕರೆದರೆ ಹೋಗಿ. ಬೇಯಿಸಿದ ಕಾಬೂಲಿ ಕಡಲೆಗೆ ಉಪ್ಪು, ಕಾಳುಮೆಣಸಿನ ಪುಡಿ ಹಾಕಿ ಬಟ್ಟಲು ಬಟ್ಟಲು ಇಟ್ಟಿರುತ್ತಾರೆ, ಜೊತೆಗೆ ಬಿಯರ್.

ಧಾರವಾಡದಾಕೆ:
ಉಸಲಿ ಅನ್ನಿ! ಒಗ್ಗರಣೆ ಇಲ್ಲವೇ?

ಹೆರಿಗೆ ವಾರ್ಡ್:
ಇಲ್ಲ. ಸಾಸಿವೆಯೂ ಇಲ್ಲ, ಕರಿಬೇವೂ ಇಲ್ಲ.

ಠಾಣೆಯಿಂದ:
ತೆಂಗಿನತುರಿ?

ಹೆರಿಗೆ ವಾರ್ಡ್:
ಇಲ್ಲ ಎಂದೆನಲ್ಲ.

ತರ್ಕಪ್ರಿಯ:
ಒಗ್ಗರಣೆ ಇಲ್ಲದ ಉಸಲಿಗೆ ಶಾಸ್ತ್ರದ ಆಧಾರ ಇದೆಯೇ ಎಂದು ಪುಟದಂಚು ಅವರು ಹುಡುಕಿ ತಿಳಿಸಬೇಕು.